ಸೊರಡಿಯ ಚೀಟಿ ರೊಕ್ಕ

ಸಾಂಗಲಿ ಜಿಲ್ಲೆಯ ಗಡಿಯ ಊರಾದ ಜತ್ತದ ಪೇಟೆಯಲ್ಲಿ ಶ್ರೀಶೈಲಪ್ಪನ ಧಾನ್ಯದಂಗಡಿಯ ಕಟ್ಟೆಯ ಮೇಲೆ ಒಂಬತ್ತು ವರ್ಷ ಒಂದೇ ಜಗಳ ನಡೆಯಿತು. ಜಗಳವಾಡುವವರು ಇಬ್ಬರು: ಅಂಗಡಿಯ ಯಜಮಾನ ಶ್ರೀಶೈಲಪ್ಪ ಮತ್ತು ಹೈಸ್ಕೂಲಿನಲ್ಲಿ ಕಲಿಸುತ್ತಿದ್ದ ಅಮೋಗಸಿದ್ದ ಮಾಸ್ತರ. ಅದು ಹೊಲದ ಬದುವಿನ ಜಗಳವಲ್ಲ, ಬೀಗತನದ್ದಲ್ಲ, ಚುನಾವಣೆಯದೂ ಅಲ್ಲ. ಜನರ ಕೈಯಲ್ಲಿ ದುಡ್ಡಿಲ್ಲದಾಗ ಸರಕಾರ ಏನು ಮಾಡಬೇಕು ಎಂಬುದೇ ಜಗಳದ ವಿಷಯ. ಸಾಲ ಮಾಡಿಯಾದರೂ ಖರ್ಚು ಮಾಡಬೇಕು ಎಂದು ಮಾಸ್ತರ ಹೇಳುತ್ತಿದ್ದ. ಏನೂ ಮಾಡದೆ ಸುಮ್ಮನೆ ಕೂಡಬೇಕು ಎಂದು ಶ್ರೀಶೈಲಪ್ಪ ಹೇಳುತ್ತಿದ್ದ. ಖರ್ಚಿನ ಪರವಾಗಿದ್ದ ಮಾಸ್ತರ ಆ ಒಂಬತ್ತು ವರ್ಷಗಳಲ್ಲಿ ಒಂದು ಸಲವೂ ಚಹಾದ ದುಡ್ಡು ಕೊಟ್ಟದ್ದನ್ನು ಪೇಟೆಯವರು ಕಂಡಿರಲಿಲ್ಲ.

ಇಬ್ಬರೂ 1961ರಲ್ಲಿ ಬಿ.ಎ. ಓದಲು ಸಾಂಗಲಿಗೆ ಹೋದವರು. ವಸತಿಗೃಹದಲ್ಲಿ ಕನ್ನಡ ಮಾತಾಡುವವರು ಇವರಿಬ್ಬರೇ ಎಂದು ಒಂದೇ ಕೋಣೆ ಕೊಟ್ಟಿದ್ದರು. ಅಮೋಗಸಿದ್ದ ಜತ್ತದ ಹತ್ತಿರದ ಹಳ್ಳಿ ಸೊರಡಿಯ ಕುರಿಗಾರರ ಮಗ, ಮನೆತನದಲ್ಲಿ ಶಾಲೆಯ ಮೆಟ್ಟಿಲು ಹತ್ತಿದ ಮೊದಲಿಗ. ಅರ್ಥಶಾಸ್ತ್ರದ ಪ್ರಾಧ್ಯಾಪಕರು ಕೇನ್ಸಿಯನ್ ಪಂಥದ ಕಟ್ಟಾ ಭಕ್ತರು. ಒಬ್ಬನ ಖರ್ಚೇ ಇನ್ನೊಬ್ಬನ ಗಳಿಕೆ, ಎಲ್ಲರೂ ಕೈ ಬಿಗಿಹಿಡಿದರೆ ಎಲ್ಲರೂ ಉಪವಾಸ ಎಂದು ಅವರು ಹೇಳಿದ ದಿನ ಅಮೋಗಸಿದ್ದನಿಗೆ ತನ್ನ ಮನೆಯೇ ಕಣ್ಣ ಮುಂದೆ ಬಂತು. ಒಂದು ವರ್ಷ ಅವ್ವ ಹಾಲವ್ವ ನೂಲು ತೆಗೆದು ಮಾಡಿಸಿದ ಹನ್ನೆರಡು ಕಂಬಳಿಗಳು ಗೂಟಕ್ಕೆ ತೂಗಾಡುತ್ತಲೇ ಉಳಿದಿದ್ದವು. ಚಳಿ ಇತ್ತು, ಕಂಬಳಿ ಇತ್ತು, ಕೊಳ್ಳುವವರ ಕೈಯಲ್ಲಿ ದುಡ್ಡು ಮಾತ್ರ ಇರಲಿಲ್ಲ. ಅಂದಿನಿಂದ ಅವನು ಆ ಪಂಥದವನಾದ.

ಶ್ರೀಶೈಲಪ್ಪ ಕಂಡದ್ದು ಬೇರೆ. ಸರಕಾರ ಜೋಳಕ್ಕೆ ದರ ಕಟ್ಟಿದ ವರ್ಷ ಅವನ ತಂದೆಯ ಅಂಗಡಿಗೆ ಒಂದು ಚೀಲವೂ ಬಂದಿರಲಿಲ್ಲ. ಇದ್ದ ಜೋಳವೆಲ್ಲ ನೆಲದೊಳಗಿನ ಹಗೇವಿನಲ್ಲಿ ಅಡಗಿ ಕೂತಿತ್ತು. ಕಾಲೇಜಿನ ಗ್ರಂಥಾಲಯದಲ್ಲಿ, ಯಾರೂ ಮುಟ್ಟದ ಕಪಾಟಿನಲ್ಲಿ, ಅವನಿಗೆ ಆಸ್ಟ್ರಿಯನ್ ಪಂಥದ ಒಂದು ಪುಸ್ತಕ ಸಿಕ್ಕಿತು. ಬೆಲೆ ಎಂದರೆ ಸುದ್ದಿ. ಎಲ್ಲಿ ಏನು ಕಡಿಮೆ ಇದೆ ಎಂದು ಅದು ಲೋಕಕ್ಕೆಲ್ಲ ಸಾರುತ್ತದೆ. ಸರಕಾರ ಅದರ ಬಾಯಿ ಮುಚ್ಚಿದರೆ ಜಗತ್ತು ಕಿವುಡಾಗುತ್ತದೆ ಎಂದು ಅವನು ತಿಳಿದುಕೊಂಡ. ಅದನ್ನೇ ಪರೀಕ್ಷೆಯಲ್ಲಿ ಬರೆದು ಮೂರನೆಯ ದರ್ಜೆ ಗಳಿಸಿದ. ಅಮೋಗಸಿದ್ದನಿಗೆ ಮೊದಲನೆಯ ದರ್ಜೆ ಬಂತು. ಆ ಅಂತರವನ್ನು ಶ್ರೀಶೈಲಪ್ಪ ಒಂದು ಪದಕದಂತೆ ಎದೆಯ ಮೇಲೆ ಧರಿಸಿ ಊರಿಗೆ ಮರಳಿದ.

1972ರಲ್ಲಿ ಸತತ ಎರಡನೆಯ ವರ್ಷ ಮಳೆ ಕೈಕೊಟ್ಟಿತು. ಸರಕಾರ ದುಷ್ಕಾಳದ ಕಾಮಗಾರಿಗಳನ್ನು ತೆರೆಯಲು ಹೊರಟಾಗ, ಅದರ ಮೇಲ್ವಿಚಾರಣೆಗೆ ಬಂದ ಸಾಹೇಬರ ಮುಂದೆ ಊರೂರಿನವರು ಸಾಲುಗಟ್ಟಿ ನಿಂತರು. ಒಬ್ಬರಿಗೆ ಬಾವಿ ಬೇಕು, ಒಬ್ಬರಿಗೆ ಕೆರೆ ಬೇಕು. ಸಾಹೇಬರು ಎಲ್ಲರಿಗೂ ನಕ್ಷೆ ಎಲ್ಲಿ, ಮಂಜೂರಿ ಎಲ್ಲಿ ಎಂದು ಕೇಳುತ್ತಿದ್ದರು. ಅಮೋಗಸಿದ್ದ ಸೊರಡಿಯ ಪರವಾಗಿ ಹೋದ.

"ಕೆಲಸ ಯಾವುದಾದ್ರೂ ನಡೀತೈತ್ರಿ ಸಾಹೇಬ್ರ," ಎಂದ. "ತಗ್ಗು ತೋಡಿಸಿ ತಗ್ಗು ಮುಚ್ಚಿಸಿದ್ರೂ ನಡೀತೈತಿ. ಪಗಾರ ಜನರ ಕೈಗಿ ಮುಟ್ಟಬೇಕು, ಅಷ್ಟ. ಮುಂದಿನ ಕೆಲಸ ಆ ರೊಕ್ಕಾನ ಮಾಡತೈತಿ."

ಏನನ್ನೂ ಕೇಳದೆ ಅರ್ಜಿ ಕೊಟ್ಟ ಮೊದಲ ಮನುಷ್ಯನನ್ನು ಕಂಡು ಸಾಹೇಬರಿಗೆ ಬಹಳ ಸಮಾಧಾನವಾಯಿತು. ಒಂದೇ ವಾರದಲ್ಲಿ ಸೊರಡಿಗೆ ಖಡಿ, ಎಂದರೆ ಜಲ್ಲಿಕಲ್ಲು, ಒಡೆಯುವ ಕೆಲಸ ಮಂಜೂರಾಯಿತು. ಕುಣಿಕೋಣೂರಿನ ಕಡೆಗೆ ಹೋಗುವ ಗಾಡಿದಾರಿಯ ಬದಿಯಲ್ಲಿ ಇನ್ನೂರು ಜನ ಕೂತು ಕಲ್ಲು ಒಡೆದು, ಅಳತೆಗೆ ಸಿಗುವಂತೆ ಚೌಕಾಕಾರದ ಗುಡ್ಡೆ ಹಾಕತೊಡಗಿದರು.

ಅವರಲ್ಲಿ ಅಮೋಗಸಿದ್ದನ ಅಕ್ಕ ಚಂದ್ರಾಬಾಯಿಯೂ ಇದ್ದಳು. ಅವಳ ಗಂಡ ಬೀರದೇವ ಕುರಿ ಹೊಡೆದುಕೊಂಡು ಮೇವಿದ್ದ ಕಡೆಗೆ, ಕೃಷ್ಣಾ ನದಿಯ ದಂಡೆಗೆ ಹೋಗಿದ್ದ. ಇವಳು ಅತ್ತೆಯನ್ನೂ ಎರಡು ಹೆಣ್ಣುಮಕ್ಕಳನ್ನೂ ನೋಡಿಕೊಂಡು ಊರಲ್ಲಿ ಉಳಿದಿದ್ದಳು. ಮೂವತ್ತು ಹೆಂಗಸರ ಒಂದು ಟೋಳಿ ಅವಳ ಮಾತು ಕೇಳುತ್ತಿತ್ತು.

ಮೂರು ತಿಂಗಳಲ್ಲಿ ಸುತ್ತಲಿನ ಕಲ್ಲು ಮುಗಿಯಿತು. ಕೆಲಸ ನಿಲ್ಲಿಸಿದರೆ ಪಗಾರ ನಿಲ್ಲುತ್ತದೆ. ಹಾಗಾಗಿ ದಾರಿಯ ಎಡಕ್ಕಿದ್ದ ಖಡಿಯನ್ನು ಬಲಕ್ಕೆ ಸಾಗಿಸಿ ಮತ್ತೆ ಗುಡ್ಡೆ ಹಾಕಬೇಕೆಂದು ಹುಕುಂ ಬಂತು. ಸುದ್ದಿ ಕೇಳಿ ಅಮೋಗಸಿದ್ದ ಸೈಕಲ್ ಏರಿ ಸೊರಡಿಗೆ ಬಂದ. ಪಾಠದಲ್ಲಿ ಓದಿದ್ದು ಕಣ್ಣೆದುರೇ ನಡೆಯುವುದನ್ನು ನೋಡುವ ಭಾಗ್ಯ ಎಷ್ಟು ಮಾಸ್ತರರಿಗೆ ಸಿಗುತ್ತದೆ!

ಚಂದ್ರಾಬಾಯಿ ಬುಟ್ಟಿ ಕೆಳಗಿಟ್ಟು ಅವನ ಮುಂದೆ ಬಂದು ನಿಂತಳು.

"ತಮ್ಮಾ, ಈ ಖಡಿ ಆಚಿಕಡಿ ಯಾಕ ಹಾಕಾಕತ್ತೀವಿ?"

"ನಿನ್ನ ಪಗಾರ ಎಲ್ಲಿ ಹೋಗತೈತಿ ಹೇಳಕ್ಕ. ಅಂಗಡಿಗಿ. ಅಂಗಡಿಯಾವನ ರೊಕ್ಕ ಎಲ್ಲಿ ಹೋಗತೈತಿ? ನೇಕಾರಗ, ಬಡಿಗ್ಯಾಗ. ಅವರ ಕಡಿಂದ ಮತ್ತೊಬ್ಬರಿಗಿ. ಒಂದು ರೂಪಾಯಿ ಮೂರು ರೂಪಾಯಿ ಕೆಲಸ ಮಾಡತೈತಿ."

"ರೂಪಾಯಿ ಸುದ್ದಿ ಕೇಳಲಿಲ್ಲೋ. ಖಡಿ ಎಲ್ಲಿ ಹೋಗತೈತಿ?"

ಅಮೋಗಸಿದ್ದ ತಲೆ ಕೆರೆದುಕೊಂಡ. "ಖಡಿ ಮುಖ್ಯ ಅಲ್ಲಕ್ಕ."

"ಹಂಗಂದ್ರ ನಮ್ಮ ನಡ ಮುರಿಯೂದೂ ಮುಖ್ಯ ಅಲ್ಲ," ಎಂದು ಅವಳು ಬುಟ್ಟಿ ಎತ್ತಿಕೊಂಡಳು. "ಪಗಾರ ಚಲೋನ ಐತಿ, ಇಲ್ಲ ಅನ್ನೂದಿಲ್ಲ. ಆದ್ರ ಹುಚ್ಚರಿಗಿ ಕೊಟ್ಟಂಗ ಕೊಡಬ್ಯಾಡ್ರಿ. ಮತ್ತ ಆ ಪಗಾರ ಹಿಡಕೊಂಡು ಹ್ವಾದ್ರ ಜೋಳಾನ ಇಲ್ಲ. ರೂಪಾಯಿ ಕುದಿಸಿ ಉಣ್ಣೂದೇನು?"

ಅದು ನಿಜವಾಗಿತ್ತು. ಸರಕಾರ ಜೋಳದ ಸಾಗಾಟ ನಿಲ್ಲಿಸಿತ್ತು. ಜಿಲ್ಲೆಯಿಂದ ಜಿಲ್ಲೆಗೆ ಒಯ್ಯುವಂತಿಲ್ಲ. ಗಡಿಯಾಚೆ, ಆಗಿನ್ನೂ ಮೈಸೂರು ರಾಜ್ಯವೆಂದು ಕರೆಯುತ್ತಿದ್ದ ಸೀಮೆಯಿಂದ ತರುವಂತೆಯೂ ಇಲ್ಲ. ರೇಶನ್ ಅಂಗಡಿಯಲ್ಲಿ ಪರದೇಶದ ಕೆಂಪು ಮೈಲೋ ಜೋಳ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಪೇಟೆಯಲ್ಲಿ ಜೋಳದ ಬೆಲೆ ದುಪ್ಪಟ್ಟಾಗಿತ್ತು.

ಮರುದಿನ ಜತ್ತದ ಸಂತೆಗೆ ಬಂದ ಚಂದ್ರಾಬಾಯಿ ಶ್ರೀಶೈಲಪ್ಪನ ಅಂಗಡಿಗೆ ಹೋದಳು. ಅಂಗಡಿ ಖಾಲಿಯಿತ್ತು; ಒಂದು ಮೂಲೆಯಲ್ಲಿ ಸ್ವಲ್ಪ ಹುರುಳಿ ಇತ್ತು.

"ಬಾ ಚಂದ್ರಾಬಾಯಿ, ಕುಂದರ," ಎಂದ ಶ್ರೀಶೈಲಪ್ಪ. "ಜೋಳ ಇಲ್ಲ ನೋಡು. ನಿಮ್ಮ ತಮ್ಮನ ಸರಕಾರ ಮಾಡಿದ್ದಿದು. ಹೆದರಬ್ಯಾಡ. ಬೆಲಿ ಇನ್ನಾ ಏರಲಿ. ಏರಿದ್ರ ಜೋಳ ತಾನ ಬರತೈತಿ."

"ತಾನ ನಡಕೊಂತ ಬರತೈತೇನ್ರಿ ಸಾವಕಾರ್ರ?"

"ಅಂದ್ರ... ಬೆಲಿ ನೋಡಿ ಯಾರಾದ್ರೂ ತರ್ತಾರ. ಧೈರ್ಯ ಇದ್ದ ವ್ಯಾಪಾರಿ ತರ್ತಾನ."

"ನೀವು ವ್ಯಾಪಾರಿ ಅಲ್ಲೇನ್ರಿ?"

ಧೈರ್ಯವಂತ ವ್ಯಾಪಾರಿಯ ಬಗ್ಗೆ ಒಂಬತ್ತು ವರ್ಷ ಕಟ್ಟೆಯ ಮೇಲೆ ಶ್ರೀಶೈಲಪ್ಪ ಭಾಷಣ ಮಾಡಿದ್ದ. ಅವನು ಮಾಡಿದ ಅತಿ ದೊಡ್ಡ ಸಾಹಸವೆಂದರೆ ಸುಗ್ಗಿಯಲ್ಲಿ ತೊಗರಿ ಕೊಂಡು ದೀಪಾವಳಿಗೆ ಮಾರಿದ್ದು.

"ಗಡಿ ನಾಕಾದಾಗ ಪೊಲೀಸರು ಅದಾರ," ಎಂದ.

"ಲಾರಿ ತಡೀತಾರ. ಕುರಿ ಮಂದಿ ತಟ್ಟು ಕುದರಿ ಯಾರೂ ತಡಿಯೂದಿಲ್ಲ," ಎಂದಳು ಚಂದ್ರಾಬಾಯಿ. "ನನ್ನ ಗಂಡ ನದಿ ದಂಡ್ಯಾಗ ಅದಾನ. ಅಥಣಿ ಕಡಿ ಜೋಳ ಬೆಳದೈತಂತ. ನೀವು ರೊಕ್ಕ ಹಾಕ್ರಿ. ತರೂದು ನಮ್ಮ ಮಂದಿ ನೋಡಕೋತಾರ."

ಆ ರಾತ್ರಿ ಶ್ರೀಶೈಲಪ್ಪನಿಗೆ ನಿದ್ದೆ ಬರಲಿಲ್ಲ ಎಂದು ಅವನ ಹೆಂಡತಿ ರುಕ್ಮವ್ವ ಆಮೇಲೆ ಎಲ್ಲರಿಗೂ ಹೇಳಿದಳು. ಬೆಳಗಾದ ಮೇಲೆ ಅವನು ಪೆಟ್ಟಿಗೆ ತೆರೆದು ದುಡ್ಡು ಕೊಟ್ಟ.

ಹದಿನೈದು ದಿನಗಳಲ್ಲಿ ಜೋಳ ಬಂತು. ಮಟಮಟ ಮಧ್ಯಾಹ್ನ, ಕುರಿಗಳ ಹಿಂಡಿನ ನಡುವೆ, ಕುದುರೆ ತಟ್ಟುಗಳ ಮೇಲೆ ಕಂಬಳಿ, ಗುಡಾರ, ಗಡಿಗೆಗಳ ಕೆಳಗೆ ಚೀಲಗಳು ಕೂತು ಬಂದವು. ನಾಕಾದ ಪೊಲೀಸ ಧೂಳಿಗೆ ಮೂಗು ಮುಚ್ಚಿಕೊಂಡು ಲಗೂನ ಹೋಗ್ರಿ ಎಂದು ಕೈ ಬೀಸಿದನಂತೆ. ಮೂರು ಸಲ ಹೀಗೆ ಬಂದು ನಲವತ್ತು ಚೀಲ ಸೊರಡಿಯ ಒಂದು ಮನೆಯಲ್ಲಿ ಸೇರಿದವು. ಶ್ರೀಶೈಲಪ್ಪ ಅಲ್ಲೇ ತಕ್ಕಡಿ ತೂಗುಹಾಕಿ ಕೂತ. ತನ್ನ ಪಂಥ ಗೆದ್ದಿತೆಂಬ ಸಂತೋಷದಲ್ಲಿ ಅವನು ಅಮೋಗಸಿದ್ದನಿಗೆ ಹೇಳಿಕಳಿಸಿದ: "ಬಂದು ನೋಡಿ ಹೋಗು. ಬೆಲಿ ಕರದೈತಿ, ಜೋಳ ಬಂದೈತಿ."

ಅಮೋಗಸಿದ್ದ ಹೇಗೂ ಬರುವವನೇ ಇದ್ದ. ಬೇಸಿಗೆಯ ರಜೆ ಶುರುವಾಗಿ, ಕಾಮಗಾರಿಯಲ್ಲಿ ಹಾಜರಿ ಬರೆಯಲು ಮಾಸ್ತರರನ್ನು ಕರೆದಿದ್ದರು. ಅವನಿಗೆ ಸೊರಡಿಯೇ ಸಿಕ್ಕಿತ್ತು. ಅವನು ಬಂದಾಗ ಕಂಡದ್ದು ಇದು: ಮನೆಯ ತುಂಬ ಜೋಳ, ಬಾಗಿಲಲ್ಲಿ ಶ್ರೀಶೈಲಪ್ಪ, ಎದುರಿಗೆ ಒಬ್ಬ ಗಿರಾಕಿಯೂ ಇಲ್ಲ. ಆ ತಿಂಗಳ ಪಗಾರ ಬಂದಿರಲಿಲ್ಲ. ಮೇಲಿನಿಂದ ಹಣ ಬಿಡುಗಡೆಯಾಗಿಲ್ಲ, ಮೂರು ವಾರವಾಗಬಹುದು, ಐದೂ ಆಗಬಹುದು ಎಂದಿದ್ದರು.

"ಏನೋ ಶಿರಸೈಲಾ, ಬೆಲಿ ಕರದ್ರ ಗಿರಾಕಿ ಬರೂದಿಲ್ಲೇನು?" ಎಂದ ಅಮೋಗಸಿದ್ದ.

"ನಿನ್ನ ಸರಕಾರ ಪಗಾರ ಕೊಟ್ಟಿದ್ರ ಬರತಿದ್ರು."

ಹೇಳಿದ ಮೇಲೆ ತಾನು ಏನು ಹೇಳಿದೆನೆಂದು ಶ್ರೀಶೈಲಪ್ಪನಿಗೇ ಅರಿವಾಯಿತು. ಅಮೋಗಸಿದ್ದ ನಗಲು ಬಾಯಿ ತೆರೆದ. ಅಷ್ಟರಲ್ಲಿ ಚಂದ್ರಾಬಾಯಿ ಮತ್ತು ಅವಳ ಟೋಳಿಯ ಹೆಂಗಸರು ಖಾಲಿ ಚೀಲ ಹಿಡಿದು ಬಂದು ನಿಂತರು. ಅವರ ಮುಖ ನೋಡಿ ಅವನ ನಗು ಅಲ್ಲೇ ಉಳಿಯಿತು. ಮಕ್ಕಳಿಗೆ ಎರಡು ದಿನದಿಂದ ಬರಿ ಅಂಬಲಿ ಎಂದು ಯಾರೋ ಮೆಲ್ಲಗೆ ಹೇಳಿದರು.

ಚಂದ್ರಾಬಾಯಿ ತಮ್ಮನ ಕಡೆ ತಿರುಗಿದಳು. "ನಾವು ಕೆಲಸ ಮಾಡಿದ್ದು ಖರೆ ಅಂತ ಬರದುಕೊಡ. ಒಂದು ದಿನಕ್ಕ ಒಂದು ಚೀಟಿ, ನಿನ್ನ ಸಹಿ ಹಾಕಿ." ಆಮೇಲೆ ಶ್ರೀಶೈಲಪ್ಪನಿಗೆ: "ಸಾವಕಾರ್ರ, ನೀವು ಆ ಚೀಟಿ ತಗೊಂಡು ಜೋಳ ಕೊಡ್ರಿ. ಪಗಾರ ಬಂದ ದಿನ ರೊಕ್ಕ ಕೊಟ್ಟು ಚೀಟಿ ತಿರುಗಿ ತಗೋತೀವಿ."

"ಚೀಟಿ ಅಂದ್ರ ಕಾಗದ," ಎಂದ ಶ್ರೀಶೈಲಪ್ಪ. "ಅದರ ಹಿಂದ ಏನೈತಿ?"

"ಅದರ ಹಿಂದ ನಾ ಅದೀನ್ರಿ," ಎಂದಳು ಚಂದ್ರಾಬಾಯಿ.

ಶ್ರೀಶೈಲಪ್ಪ ಒಂದು ಚೀಲದ ಬಾಯಿ ಬಿಚ್ಚಿದ. ಒಂದು ದಿನದ ಚೀಟಿಗೆ ಎರಡು ಸೇರು ಜೋಳ ಎಂದು ಮಾತಾಯಿತು.

ಚೀಟಿಗಳು ಎಲ್ಲರೂ ಎಣಿಸಿದ್ದಕ್ಕಿಂತ ದೂರ ಹೋದವು. ಮೊದಲು ಚಹಾದಂಗಡಿಯ ಮುರಗೆಪ್ಪ ಅವನ್ನು ತೆಗೆದುಕೊಂಡ, ಏಕೆಂದರೆ ಅವನಿಗೂ ಜೋಳ ಬೇಕಿತ್ತು. ಆಮೇಲೆ ಕ್ಷೌರದವನು, ಬಳೆಗಾರ, ಎಣ್ಣೆಯವನು. ಪಕ್ಕದ ಊರು ದರಿಬಡಚಿಯಿಂದ ಒಬ್ಬ ಎರಡು ಚೀಟಿ ಹಿಡಿದು ಬಂದು ಜೋಳ ಒಯ್ದ. ಅವು ಅವನ ಕೈಗೆ ಹೇಗೆ ಮುಟ್ಟಿದವೋ ಯಾರಿಗೂ ತಿಳಿಯಲಿಲ್ಲ. ಸಂಜೆ ಮುರಗೆಪ್ಪನ ಅಂಗಡಿಯ ಮುಂದೆ ಇಬ್ಬರೂ ಸ್ನೇಹಿತರು ಮತ್ತೆ ಜಗಳಕ್ಕೆ ಕೂತರು.

"ನೋಡು, ಕೈಯಾಗ ರೊಕ್ಕ ಬಂದ ಕೂಡಲೇ ಊರಾಗ ಜೀವ ಬಂತು," ಎಂದ ಅಮೋಗಸಿದ್ದ. "ನಮ್ಮ ಪಂಥ ಇದನ್ನ ಹೇಳೂದು."

"ಸರಕಾರ ಇಲ್ಲದನ ಜನಾನ ರೊಕ್ಕ ಮಾಡಿಕೊಂಡ್ರು. ನಮ್ಮ ಪಂಥ ಇದನ್ನ ಹೇಳೂದು," ಎಂದ ಶ್ರೀಶೈಲಪ್ಪ.

ಇಬ್ಬರ ಚಹಾಕ್ಕೂ ಶ್ರೀಶೈಲಪ್ಪನೇ ಒಂದು ಚೀಟಿ ಕೊಟ್ಟ.

ಎರಡು ವಾರ ಎಲ್ಲ ಸರಿಯಾಗಿ ನಡೆಯಿತು. ಊರಿನಲ್ಲಿ ಕೆಲಸಕ್ಕೆ ಹೋಗಲಾರದ ಮುದುಕಿಯರು ಕೆಲವರಿದ್ದರು. ಅವರಲ್ಲಿ ಯಮನವ್ವ ಎಂಬವಳು ಅಮೋಗಸಿದ್ದನನ್ನು ಎಳೆತನದಲ್ಲಿ ಎತ್ತಿ ಆಡಿಸಿದವಳು. ಅವಳು ಬಂದು ಮುಂದೆ ಕೂತಾಗ ಅವನು ಅವಳಿಗೂ ಒಂದು ಚೀಟಿ ಬರೆದುಕೊಟ್ಟ. ಮರುದಿನ ಮತ್ತೆ ಮೂವರಿಗೆ. ಚೀಟಿ ಬರೆಯುವುದಕ್ಕೆ ಖರ್ಚೇನೂ ಇರಲಿಲ್ಲ, ಮನಸ್ಸಿಗೆ ಸಂತೋಷವೂ ಆಗುತ್ತಿತ್ತು. ವಾರದಲ್ಲಿ ಅವನು ಎಪ್ಪತ್ತು ಚೀಟಿ ಹೆಚ್ಚಿಗೆ ಬರೆದಿದ್ದ.

ಚೀಲಗಳು ಲೆಕ್ಕಕ್ಕಿಂತ ಬೇಗ ಕರಗುವುದನ್ನು ಕಂಡ ಶ್ರೀಶೈಲಪ್ಪ ಚೀಟಿಗೆ ಒಂದೂವರೆ ಸೇರು ಎಂದ, ಎರಡು ದಿನ ಬಿಟ್ಟು ಒಂದು ಸೇರು ಎಂದ. ಬಿಸಿಲಿನಲ್ಲಿ ಖಡಿ ಹೊತ್ತ ಹೆಂಗಸರು ಸಿಟ್ಟಿನಿಂದ ಬಂದು ಮುತ್ತಿಕೊಂಡರು. ಆಗ ಶ್ರೀಶೈಲಪ್ಪ ಎಲ್ಲ ಚೀಟಿಗಳನ್ನೂ ನೆಲದ ಮೇಲೆ ಹರಡಿ ಕೂಗಿದ:

"ಲೇ ಅಮೋಗ್ಯಾ! ಹಾಜರಿಗಿಂತ ಚೀಟಿ ಹೆಚ್ಚದಾವ. ನೀ ಬರದಿ, ಇವರ ಹೊಟ್ಟಿಯಾಗಿನ ಜೋಳ ಕಡಿಮಿ ಆತು. ನಾ ಒಂಬತ್ತು ವರ್ಷ ಬಡಕೊಂಡಿದ್ದು ಇದನ್ನ."

"ಯಮನವ್ವ ಉಪವಾಸ ಇದ್ದಳೋ," ಎಂದ ಅಮೋಗಸಿದ್ದ. "ಆಕೀನ ಏನ್ ಮಾಡ್ಲಿ? ನಿನ್ನ ಪುಸ್ತಕದಾಗ ಆಕಿಗೊಂದು ಸಾಲು ಐತೇನು?"

ಶ್ರೀಶೈಲಪ್ಪನ ಪುಸ್ತಕದಲ್ಲಿ ಅಂಥ ಸಾಲು ಇರಲಿಲ್ಲ.

ಚಂದ್ರಾಬಾಯಿ ಇಬ್ಬರ ನಡುವೆ ಬಂದಳು. ಹೊಸ ಚೀಟಿಗಳ ಮೇಲೆ ತನ್ನ ಹೆಬ್ಬೆಟ್ಟು ಬೀಳಬೇಕು, ಅದಿಲ್ಲದ ಚೀಟಿಗೆ ಜೋಳವಿಲ್ಲ ಎಂದಳು. ಯಮನವ್ವನಂಥವರಿಗೆ, ಜೋಳ ಒಯ್ಯುವ ಪ್ರತಿ ಹೆಂಗಸೂ ತನ್ನ ಪಾಲಿನಿಂದ ಒಂದು ಹಿಡಿ ಬಾಗಿಲ ಬಳಿಯ ಬುಟ್ಟಿಗೆ ಹಾಕಿ ಹೋಗಬೇಕೆಂದಳು. ಹೆಂಗಸರು ಒಪ್ಪಿದರು. ಮೂರನೆಯ ದಿನದಿಂದ ಚೀಟಿಗೆ ಮತ್ತೆ ಎರಡು ಸೇರು ಸಿಗತೊಡಗಿತು. ಇದು ಯಾವ ಪಂಥಕ್ಕೆ ಸೇರಿದ್ದೆಂದು ಸ್ನೇಹಿತರಿಬ್ಬರೂ ವಿಚಾರ ಮಾಡಿದರು, ಗೊತ್ತಾಗಲಿಲ್ಲ.

ಐದನೆಯ ವಾರ ಪಗಾರ ಬಂತು. ಅದರ ಜೊತೆಗೆ ಸಾಹೇಬರೂ ಬಂದರು. ಹೆಂಗಸರು ಎಣಿಸಿಕೊಂಡ ಪಗಾರವನ್ನು ಹಾಗೇ ಒಯ್ದು ಶ್ರೀಶೈಲಪ್ಪನಿಗೆ ಕೊಟ್ಟು ಚೀಟಿಗಳನ್ನು ಹರಿದುಹಾಕುತ್ತಿರುವುದನ್ನು ಅವರು ನೋಡಿದರು. ಮರುದಿನ ಇಬ್ಬರಿಗೂ ಜತ್ತದ ಬಂಗಲೆಗೆ ಬರಲು ಕರೆ ಬಂತು. ಪರವಾನಗಿ ಇಲ್ಲದೆ ಪರರಾಜ್ಯದ ಜೋಳ ತಂದ ತಪ್ಪು ಶ್ರೀಶೈಲಪ್ಪನದು. ಸರಕಾರಿ ಹಾಜರಿಯನ್ನು ಖಾಸಗಿ ವ್ಯಾಪಾರಕ್ಕೆ ಕೊಟ್ಟ ತಪ್ಪು ಅಮೋಗಸಿದ್ದನದು.

ಸಾಹೇಬರು ಮರಾಠಿಯಲ್ಲಿ ಮೊದಲು ಶ್ರೀಶೈಲಪ್ಪನನ್ನು ಕೇಳಿದರು. ಮಾಸ್ತರನ ನೌಕರಿ ಹೋದರೆ ಅವನ ಮನೆ ನಡೆಯುವುದಿಲ್ಲ ಎಂಬುದೊಂದೇ ಶ್ರೀಶೈಲಪ್ಪನ ತಲೆಯಲ್ಲಿತ್ತು. ಅವನು ಎದ್ದು ನಿಂತು, ಮಾಸ್ತರ ಮಾಡಿದ್ದು ಸರಕಾರದ್ದೇ ಕೆಲಸ ಎಂದು ಶುರುಮಾಡಿದ. ಜನರ ಕೈ ಬರಿದಾದಾಗ ಯಾರಾದರೂ ದುಡ್ಡು ಹುಟ್ಟಿಸಲೇಬೇಕು, ಒಬ್ಬನ ಖರ್ಚೇ ಇನ್ನೊಬ್ಬನ ಗಳಿಕೆ, ಚೀಟಿ ಬರೆಯದಿದ್ದರೆ ನನ್ನ ಜೋಳಕ್ಕೆ ಹುಳ ಬೀಳುತ್ತಿತ್ತು, ಇಂಥ ಹೊತ್ತಿನಲ್ಲಿ ಸರಕಾರ ಕೈಕಟ್ಟಿ ಕೂಡುವುದೇ ಪಾಪ ಎಂದು ಹತ್ತು ನಿಮಿಷ ತಡವರಿಸದೆ ಹೇಳಿದ. ಒಂಬತ್ತು ವರ್ಷ ಕಿವಿಗೆ ಬಿದ್ದದ್ದೆಲ್ಲ ಉಪಯೋಗಕ್ಕೆ ಬಂತು.

ಅಮೋಗಸಿದ್ದನ ಸರದಿ ಬಂತು. ಸ್ನೇಹಿತ ಜೈಲಿಗೆ ಹೋಗಬಹುದೆಂಬ ಭಯ ಅವನಿಗೆ. ಜೋಳ ತಂದದ್ದು ತಪ್ಪಲ್ಲ, ತಡೆದದ್ದು ತಪ್ಪು ಎಂದ. ಬೆಲೆ ಎಂದರೆ ಸುದ್ದಿ ಸಾಹೇಬರೇ, ನಾಕಾ ಹಾಕಿ ಆ ಸುದ್ದಿಯನ್ನು ತಡೆದಿರಿ, ಈ ಮನುಷ್ಯ ತನ್ನ ಸ್ವಂತ ದುಡ್ಡು ಹಾಕಿ ಅದನ್ನು ಕೇಳಿಸಿಕೊಂಡ, ನೀವು ಸುಮ್ಮನೆ ಕೂತಿದ್ದರೆ ಸೊರಡಿ ಎರಡು ತಿಂಗಳು ಮೊದಲೇ ರೊಟ್ಟಿ ತಿನ್ನುತ್ತಿತ್ತು ಎಂದ.

ಸಾಹೇಬರೂ ಅರ್ಥಶಾಸ್ತ್ರ ಓದಿದವರೇ. ಅವರು ಕನ್ನಡಕ ತೆಗೆದು ಒಬ್ಬರಾದ ಮೇಲೆ ಒಬ್ಬರನ್ನು ನೋಡಿದರು. "ನಿಮ್ಮಿಬ್ಬರಲ್ಲಿ ಯಾರು ಯಾವ ಪಂಥ?" ಎಂದು ಕೇಳಿದರು.

ಹೊರಗಿನ ಪಡಸಾಲೆಯಲ್ಲಿ ಸಾಕ್ಷಿ ಹೇಳಲು ಹೆಂಗಸರನ್ನು ಕಟ್ಟಿಕೊಂಡು ಕೂತಿದ್ದ ಚಂದ್ರಾಬಾಯಿ ಬಾಗಿಲಿಗೆ ಬಂದು ಕೇಳಿದಳು: "ಸಾಹೇಬ್ರ, ಅದಿರ್ಲಿ. ಆ ಖಡಿ ಯಾತಕ್ಕಂತ ಹೇಳ್ರಿ."

ಸಾಹೇಬರು ಫೈಲು ತಿರುವಿದರು. ಖಡಿಗೆ ಮಂಜೂರಿ ಇತ್ತು. ರಸ್ತೆಗೆ ಇರಲಿಲ್ಲ.

ತೀರ್ಮಾನ ಒಂದು ತಿಂಗಳ ಮೇಲೆ ಬಂತು. ಶ್ರೀಶೈಲಪ್ಪನಿಗೆ ದಂಡ ಬಿತ್ತು. ಜೋಳದಲ್ಲಿ ಬಂದ ಲಾಭ ಅದರಲ್ಲಿ ಹೋಯಿತು. ಆದರೆ ಸರಕಾರದ ಕರ್ತವ್ಯದ ಬಗ್ಗೆ ಅವನು ಆಡಿದ ಮಾತು ಸಾಹೇಬರ ಮನಸ್ಸಿಗೆ ಹಿಡಿಸಿತ್ತು. ಸೊರಡಿಗೆ ಒಂದು ರೇಶನ್ ಅಂಗಡಿ ತೆರೆದು ಅದರ ಪರವಾನಗಿಯನ್ನು ಅವನಿಗೇ ಕೊಡಿಸಿದರು. ಅಮೋಗಸಿದ್ದನಿಗೆ ಸರಕಾರದ ಧೋರಣೆಯಲ್ಲಿ ನಂಬಿಕೆಯಿಲ್ಲ ಎಂಬ ಷರಾ ಬಿದ್ದು, ಜಿಲ್ಲೆಯ ಇನ್ನೊಂದು ತುದಿಗೆ, ಶಿರಾಳಾಕ್ಕೆ ವರ್ಗವಾಯಿತು.

ಅವನು ಹೊರಟ ದಿನ ಶ್ರೀಶೈಲಪ್ಪ ಎಸ್.ಟಿ. ಸ್ಟ್ಯಾಂಡಿಗೆ ಬಂದ. ಬಸ್ಸಿನ ಕಿಟಕಿಯ ಹತ್ತಿರ ನಿಂತ.

"ಅಲ್ಲಿ ಮಳಿ ಭಾಳ ಅಂತ," ಎಂದ. "ಛತ್ರಿ ತಗೊಂಡಿಯೇನು?"

"ಅಲ್ಲೇ ತಗೋತೀನಿ."

"ನೀ ಎಲ್ಲಿ ತಗೋತಿ, ರೊಕ್ಕ ಬಿಚ್ಚಲಾರದಾವ," ಎಂದು ಶ್ರೀಶೈಲಪ್ಪ ತನ್ನ ಛತ್ರಿಯನ್ನೇ ಕಿಟಕಿಯೊಳಗೆ ತುರುಕಿದ. ಬಸ್ಸು ಹೊರಟ ಮೇಲೆ ಅವನು ಅಂಗಡಿಗೆ ಹೋಗದೆ, ಬಿಸಿಲಲ್ಲೇ ನಡೆಯುತ್ತ ಮನೆಗೆ ಹೋದ.

ಆಮೇಲೆ ಜಗಳ ಪೋಸ್ಟ್‌ಕಾರ್ಡಿನಲ್ಲಿ ಮುಂದುವರಿಯಿತು, ಆದರೆ ತಿರುವುಮುರುವಾಗಿ. ಆ ದಿನ ಬಂಗಲೆಯಲ್ಲಿ ಅಷ್ಟು ಕಳಕಳಿಯಿಂದ ವಾದಿಸಿದ ಮೇಲೆ ಇಬ್ಬರೂ ತಂತಮ್ಮ ವಾದಕ್ಕೇ ಮನಸೋತಿದ್ದರು. ಸರಕಾರ ಇನ್ನೂ ಹೆಚ್ಚು ಧಾನ್ಯ ಕಳಿಸಬೇಕು, ಇನ್ನೂ ಹೆಚ್ಚು ಖರ್ಚು ಮಾಡಬೇಕು ಎಂದು ರೇಶನ್ ಅಂಗಡಿಯ ಶ್ರೀಶೈಲಪ್ಪ ಬರೆಯುತ್ತಿದ್ದ. ಸರಕಾರ ಕೈಹಾಕಿದ್ದೆಲ್ಲ ಕೆಡುತ್ತದೆ, ನನ್ನ ವರ್ಗಾವಣೆಯನ್ನೇ ನೋಡು ಎಂದು ಸರಕಾರಿ ಪಗಾರದ ಅಮೋಗಸಿದ್ದ ಉತ್ತರ ಕೊಡುತ್ತಿದ್ದ. ಅವನು ಶಿರಾಳಾದಲ್ಲಿ ಮಾಸ್ತರರನ್ನೆಲ್ಲ ಸೇರಿಸಿ ಉಳಿತಾಯದ ಒಂದು ಸಂಘವನ್ನೂ ಕಟ್ಟಿದನಂತೆ.

ಚಂದ್ರಾಬಾಯಿಗೆ ಪೋಸ್ಟ್‌ಕಾರ್ಡುಗಳ ಸಂಗತಿ ಗೊತ್ತಿರಲಿಲ್ಲ. ಮುಂದೆ ಉದ್ಯೋಗ ಖಾತ್ರಿಯ ಕೆಲಸಗಳು ಶುರುವಾದಾಗ ಸೊರಡಿಗೆ ಮತ್ತೆ ಖಡಿಯೇ ಬಂತು. ಅವಳು ಮೂವತ್ತು ಹೆಂಗಸರನ್ನು ಕರೆದುಕೊಂಡು ಹೋಗಿ, ಹೊಸದಾಗಿ ಬಂದಿದ್ದ ಸಾಹೇಬರ ಕಚೇರಿಯ ಮುಂದೆ ಮೂರು ದಿನ ಕೂತಳು. ಊರ ಮೇಲಿನ ಹಳ್ಳಕ್ಕೆ ಅಡ್ಡ ಒಡ್ಡು ಹಾಕಿ ಕೆರೆ ಕಟ್ಟಿಸದೆ ಯಾರೂ ಸುತ್ತಿಗೆ ಮುಟ್ಟುವುದಿಲ್ಲ ಎಂದಳು. ನಾಲ್ಕನೆಯ ದಿನ ಸಾಹೇಬರು ಹಳ್ಳ ನೋಡಲು ಬಂದರು.

1976ರ ಮಳೆಗಾಲದಲ್ಲಿ ಹೊಸ ಕೆರೆಯಲ್ಲಿ ಮೊದಲ ಸಲ ನೀರು ನಿಂತಿತು, ಎದೆಮಟ್ಟ. ಆ ವರ್ಷ ಉಣ್ಣೆ ಕತ್ತರಿಸುವ ಮೊದಲು ಕುರಿ ತೊಳೆಯಲು ಬೀರದೇವ ದೂರ ಎಲ್ಲಿಗೂ ಹೋಗಲಿಲ್ಲ. ಅವನು ನೀರಿಗಿಳಿದು ನಿಂತ. ಚಂದ್ರಾಬಾಯಿ ಒಂದೊಂದೇ ಕುರಿಯನ್ನು ಹಿಡಿದು ಅವನ ಕೈಗೆ ಕೊಡುತ್ತಿದ್ದಳು.